ನೀರು ಕುಡಿದೇ ಕುಸಿದ ಕಾಕಾ: ಶ್ರೀಶೈಲ ಪಾದಯಾತ್ರೆಯ ಒಂದು ಪ್ರಕರಣ

ಹಿನ್ನೆಲೆ

ಯುಗಾದಿಗೆ ಎರಡು ವಾರ ಇದೆ ಎನ್ನುವಾಗ ರಾಯಚೂರು ಜಿಲ್ಲೆಯ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರು, ನಮ್ಮ ಲಿಂಗಸುಗೂರು, ಮಸ್ಕಿ, ದೇವದುರ್ಗದವರು, ಹೆಗಲಿಗೆ ಚೀಲ, ತಲೆಗೆ ಟವೆಲ್ಲು, ಕೆಲವರ ಕಾಲಿಗೆ ಚಪ್ಪಲಿಯೂ ಇಲ್ಲ, ಮಲ್ಲಯ್ಯನ ದಾರಿ ಹಿಡಿಯುತ್ತಾರೆ. ಶ್ರೀಶೈಲದ ಭ್ರಮರಾಂಬೆ ಈ ಕಡೆಯವರಿಗೆ ಮನೆಮಗಳು. ಹಬ್ಬಕ್ಕೆ ಅವಳಿಗೆ ಸೀರೆ ಕುಪ್ಪಸ ಮುಟ್ಟಿಸಬೇಕು. ಬಿಸಿಲು ಎಷ್ಟಿದೆ ಎಂದು ನೋಡಿ ಹೊರಡುವ ಪದ್ಧತಿ ಇಲ್ಲ.

ನಮ್ಮ ತಂಡ ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿಯದು, ಅರವತ್ತು ಚಿಲ್ಲರೆ ಜನ. ಊರಿನ ಹೆಸರಾಗಲಿ, ಯಾರ ಹೆಸರಾಗಲಿ ಇಲ್ಲಿ ಬರೆಯುವುದಿಲ್ಲ; ಗುರುತು ಹಿಡಿಯುವಂಥ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಫಾರ್ಮಸಿಸ್ಟ್ ಆಗಿದ್ದು ನಿವೃತ್ತನಾದವನು, ಜನರ ಬಾಯಲ್ಲಿ ಇನ್ನೂ ಕಂಪೌಂಡರ್. ತಂಡದ ಹಿಂದೆ ಬರುವ ಟಂಟಂ ಗಾಡಿಯ ಔಷಧಿ ಪೆಟ್ಟಿಗೆ, ನೀರಿನ ಡ್ರಮ್ಮು ನನ್ನ ಸುಪರ್ದಿ.

ಈ ಪ್ರಕರಣದ ಮುಖ್ಯ ವ್ಯಕ್ತಿಯನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಇಲ್ಲೂ ಹಾಗೇ ಕರೆಯುತ್ತೇನೆ. ಐವತ್ತು ದಾಟಿದ ಹತ್ತಿ ಬೆಳೆಗಾರ, ದಿನವಿಡೀ ಹೊಲದಲ್ಲಿ ನಿಲ್ಲುವ ಮೈ. ಆರು ಸಲ ಶ್ರೀಶೈಲಕ್ಕೆ ನಡೆದು ಬಂದಿದ್ದರು. ಏಳನೆಯ ಸಲಕ್ಕೆ ಒಂದು ಹೊಸ ಹರಕೆ ಸೇರಿತ್ತು: ದಾರಿಯುದ್ದಕ್ಕೂ ಒಪ್ಪತ್ತು. ರಾತ್ರಿ ಒಂದು ಊಟ, ಹಗಲೆಲ್ಲ ಬರೀ ಕುಡಿಯುವುದು.

2024ರ ಯುಗಾದಿ ಏಪ್ರಿಲ್ 9ಕ್ಕೆ ಬಂತು. ಮಾರ್ಚ್‌ನಲ್ಲಿ ಬೀಳುವ ಯುಗಾದಿಗೂ ಏಪ್ರಿಲ್‌ನಲ್ಲಿ ಬೀಳುವ ಯುಗಾದಿಗೂ ನಮ್ಮ ಸೀಮೆಯಲ್ಲಿ ಎಷ್ಟು ಫರಕು ಎಂಬುದು ನಡೆದವರಿಗೇ ಗೊತ್ತು. ಹಿಂದಿನ ವರ್ಷ ಇಬ್ಬರು ಹುಡುಗರು ನೀರು ಕುಡಿಯದೆ ತಲೆಸುತ್ತಿ ಬಿದ್ದಿದ್ದರು. ಆ ಹೆದರಿಕೆಯಲ್ಲಿ ನಾನು ಹೊರಡುವ ದಿನ ಗುಡಿಯ ಮೈಕ್ ಹಿಡಿದು ಒಂದು ಮಾತು ಹೇಳಿದೆ: "ದಾಹ ಆಗ್ಲಿ ಬಿಡ್ಲಿ, ತಾಸಿಗೊಂದು ಲೀಟರ್ ನೀರು ಕುಡೀಲೇಬೇಕು." ಎಲ್ಲರೂ ತಲೆಯಾಡಿಸಿದರು. ಅದನ್ನು ಅಕ್ಷರಕ್ಕಕ್ಷರ ಪಾಲಿಸಿದವರು ಕಾಕಾ ಒಬ್ಬರೇ.

ಎರಡನೆಯ ದಿನ

ದಾರಿಯಲ್ಲಿ ಕುಡಿಯುವುದಕ್ಕೆ ಬರವಿಲ್ಲ. ಮೈಲಿಗೊಂದು ಅರವಟ್ಟಿಗೆ. ರೈತರು, ಯುವಕ ಸಂಘದವರು, ಅಂಗಡಿಕಾರರು ಶಾಮಿಯಾನ ಹಾಕಿ ನಿಂತಿರುತ್ತಾರೆ. ಬೆಲ್ಲದ ಪಾನಕ, ಕೆಂಪು ಬಣ್ಣದ ಶರಬತ್ತು, ಕಲ್ಲಂಗಡಿ ಹೋಳು, ಪೌಚಿನ ನೀರು, ಅಪರೂಪಕ್ಕೆ ಮಜ್ಜಿಗೆ. ಕೈ ಹಿಡಿದು ನಿಲ್ಲಿಸಿ ಕೊಡುತ್ತಾರೆ. ಮಲ್ಲಯ್ಯನ ಹೆಸರಲ್ಲಿ ಕೊಟ್ಟದ್ದನ್ನು ಒಲ್ಲೆ ಅನ್ನಬಾರದು ಎಂಬುದು ನಡೆಯುವವರ ನಿಯಮ. ಕೊಡುವವರು ಮನಸಾರೆ ಕೊಡುತ್ತಾರೆ, ಕುಡಿಯುವವರು ಭಕ್ತಿಯಿಂದ ಕುಡಿಯುತ್ತಾರೆ. ಆ ಲೋಟಗಳಲ್ಲಿ ಉಪ್ಪಿದೆಯೇ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಏಳು ಜನ ಗಂಡಸರಿಗೆ ಮೀನಖಂಡ ಹಿಡಿಯಿತು. ಒಬ್ಬ ಹುಡುಗನ ಕಾಲು ಎಷ್ಟು ಸೆಟೆದಿತ್ತೆಂದರೆ ಪಾದ ಒಳಕ್ಕೆ ತಿರುಗಿ ಹಾಗೇ ನಿಂತಿತ್ತು. ಅಂಗಿಗಳ ಬೆನ್ನ ಮೇಲೆ ಬೆವರು ಒಣಗಿ ನಕ್ಷೆ ಬರೆದ ಹಾಗೆ ಬಿಳಿ ಗೆರೆ. ಉಪ್ಪು ಕಣ್ಣೆದುರೇ ಇತ್ತು. ನಾನು ನೀರಿನ ಡ್ರಮ್ಮಿನ ನಲ್ಲಿ ತಿರುಗಿಸುತ್ತಿದ್ದೆ.

ಅವತ್ತು ಏನೇನು ಪ್ರಯತ್ನ ಮಾಡಿದೆವು ಎಂದು ಒಂದಿಷ್ಟು ಬಿಡಿಸಿ ಹೇಳಬೇಕು, ಯಾಕೆಂದರೆ ಪ್ರತಿಯೊಂದರ ಹಿಂದೆಯೂ ಒಂದು ನಂಬಿಕೆ ಇತ್ತು.

ಮೊದಲು ಎಳನೀರು. ಊರಿನ ಒಬ್ಬ ದಾನಿ ನೂರು ಕಾಯಿ ಇಳಿಸಿಕೊಟ್ಟರು. ಎಳನೀರೆಂದರೆ ಅಮೃತ, ಅದಕ್ಕಿಂತ ಒಳ್ಳೆಯದಿಲ್ಲ ಎಂದು ನಾನೇ ಹಂಚಿದೆ. ಬಾಯಿಗೆ ತಂಪು, ಹೊಟ್ಟೆಗೆ ಹಗುರ, ಆದರೆ ಸೆಡೆತ ನಿಲ್ಲಲಿಲ್ಲ. ಕಾರಣ ಆಮೇಲೆ ಓದಿ ತಿಳಿದದ್ದು. ಒಂದು ಲೀಟರ್ ಬೆವರಿನ ಜೊತೆ, ಉಪ್ಪಿನಲ್ಲಿರುವ ಸೋಡಿಯಂ ಸುಮಾರು 1 ಗ್ರಾಂ ಹೋಗುತ್ತದೆ. ಕೆಲವರಿಗೆ ಅದರ ಅರ್ಧ, ಕೆಲವರಿಗೆ ದುಪ್ಪಟ್ಟು. ಪೊಟ್ಯಾಸಿಯಂ ಹೋಗುವುದು ಅದರ ಐದನೇ ಒಂದು ಭಾಗದಷ್ಟು. ಎಳನೀರಿನಲ್ಲಿ ಲೆಕ್ಕ ತಿರುಗಾಮುರುಗಾ: ಲೀಟರಿಗೆ 2 ಗ್ರಾಂ ಆಸುಪಾಸು ಪೊಟ್ಯಾಸಿಯಂ, ಸೋಡಿಯಂ ತೀರಾ ಕಡಿಮೆ. ಸೋರುವ ಕೊಡ ಒಂದು, ನಾವು ತುಂಬಿಸುತ್ತಿದ್ದ ಕೊಡ ಇನ್ನೊಂದು.

ಎರಡನೆಯದು ಓಆರ್‌ಎಸ್ ಪುಡಿ, ಅಂದರೆ ಮೈ ಕಳೆದುಕೊಂಡ ನೀರು, ಉಪ್ಪು ತುಂಬುವ ಸಕ್ಕರೆ-ಉಪ್ಪಿನ ಪುಡಿ. ಪೆಟ್ಟಿಗೆಯಲ್ಲಿದ್ದದ್ದು ಲೀಟರ್ ನೀರಿಗೆ ಒಂದರಂತೆ ಹಾಕುವ ಪೊಟ್ಟಣ. ಒಬ್ಬ ಹುಡುಗ "ಗಟ್ಟಿ ಇದ್ರ ಲಗೂ ಹತ್ತತೈತಿ" ಎಂದು ಒಂದೇ ಬಾಟಲಿಗೆ ಎರಡು ಸುರಿದ. ಕುಡಿದ ಇಬ್ಬರೂ ವಾಂತಿ ಮಾಡಿಕೊಂಡರು. ಅಲ್ಲಿಂದ ಮುಂದೆ ಆ ಪೊಟ್ಟಣ ಮುಟ್ಟಲು ಯಾರೂ ತಯಾರಿಲ್ಲ. ಔಷಧಿ ಸರಿಯಿತ್ತು, ಕಲಸಿದ್ದು ತಪ್ಪು. ಆದರೆ ಹೆಸರು ಕೆಟ್ಟದ್ದು ಔಷಧಿಯದು.

ಮೂರನೆಯದು ಯಾರೋ ಪೇಟೆಯಿಂದ ತಂದ ರಟ್ಟಿನ ಡಬ್ಬಿಯ ಪಾನೀಯ. ಮೇಲೆ ಆ ಮೂರಕ್ಷರ ದೊಡ್ಡದಾಗಿ ಇತ್ತು. ಕನ್ನಡಕ ಹಾಕಿಕೊಂಡು ಹಿಂಭಾಗ ಓದಿದೆ: ನೂರು ಎಂಎಲ್‌ಗೆ ಹತ್ತು ಗ್ರಾಂ ದಾಟಿದ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಇಡೀ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ, ಜೊತೆಗೆ 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಇಂಥ ಡಬ್ಬಿಗಳ ಮೇಲೆ ಓಆರ್‌ಎಸ್ ಎಂಬ ಪದ ಇರಕೂಡದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಆದೇಶ ಮಾಡಿದ್ದು 2025ರ ಅಕ್ಟೋಬರ್‌ನಲ್ಲಿ. ನಮ್ಮ ಹುಡುಗರು ಅಷ್ಟರೊಳಗೆ ಎರಡು ರಟ್ಟಿನ ಪೆಟ್ಟಿಗೆ ಖಾಲಿ ಮಾಡಿದ್ದರು.

ಕೆಲಸ ಮಾಡಿದ್ದು ನಾನು ಲೆಕ್ಕಕ್ಕೇ ಇಡದಿದ್ದ ಒಂದು ವಸ್ತು. ತಂಡದ ಹಿರಿಯಜ್ಜಿ ಬುತ್ತಿ ಗಂಟಿನಿಂದ ನಿಂಬೆ ಉಪ್ಪಿನಕಾಯಿ ಭರಣಿ ತೆಗೆದು, ಕಾಲು ಸೆಟೆದ ಹುಡುಗನ ಅಂಗೈಗೆ ಅದರ ರಸ ಸುರಿದು, "ನೆಕ್ಕಲೇ, ಮಾರಿ ಕಿವುಚಬ್ಯಾಡ" ಎಂದರು. ಅವನು ಮುಖ ಕಿವುಚಿಯೇ ನೆಕ್ಕಿದ. ಒಂದೆರಡು ನಿಮಿಷದಲ್ಲಿ ಪಾದ ಸಡಿಲಾಯಿತು. ಕಾಕತಾಳೀಯ ಎಂದುಕೊಂಡೆ. 2010ರಲ್ಲಿ ಅಮೆರಿಕದ ಸಂಶೋಧಕರು ಕಾಲ್ಬೆರಳಿನ ಸ್ನಾಯುವಿಗೆ ವಿದ್ಯುತ್ ಹಾಯಿಸಿ ಸೆಡೆತ ಬರಿಸಿ, ಉಪ್ಪಿನಕಾಯಿ ರಸ ಕುಡಿಸಿ ನೋಡಿದ್ದಾರೆ. ನೀರು ಕುಡಿದಾಗಿನದಕ್ಕಿಂತ ಬೇಗ, ಸುಮಾರು ಒಂದೂವರೆ ನಿಮಿಷದಲ್ಲಿ ಬಿಟ್ಟಿತ್ತಂತೆ. ಅಷ್ಟು ಬೇಗ ಉಪ್ಪು ರಕ್ತಕ್ಕೆ ಇಳಿಯುವುದು ಸಾಧ್ಯವಿಲ್ಲ. ಹುಳಿಯ ಚುರುಕು ಗಂಟಲಿನ ನರಕ್ಕೆ ತಾಗಿ ಸ್ನಾಯು ಸಡಿಲುತ್ತದೆ ಎಂಬುದು ಅವರ ಊಹೆ. ಅಂದರೆ ಅಜ್ಜಿಯ ಮದ್ದು ಕಾಲು ಬಿಡಿಸಿತು, ಕಳೆದ ಉಪ್ಪನ್ನು ತುಂಬಲಿಲ್ಲ. ಈ ವ್ಯತ್ಯಾಸ ಅವತ್ತು ನನಗೆ ಗೊತ್ತಿದ್ದರೆ ಮರುದಿನ ಬೇರೆ ಥರ ಇರುತ್ತಿತ್ತೇನೋ.

ಇನ್ನೊಂದು ಸಂಗತಿಯೂ ಕಣ್ಣೆದುರೇ ಇತ್ತು. ತಂಡದಲ್ಲಿ ಹತ್ತೊಂಬತ್ತು ಹೆಂಗಸರು. ಅವರಲ್ಲಿ ಒಬ್ಬರಿಗೂ ಮೀನಖಂಡ ಹಿಡಿದಿರಲಿಲ್ಲ. ಅವರು ಅರವಟ್ಟಿಗೆಗಳಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಬಹಿರ್ದೆಸೆಗೆ ಜಾಗವಿಲ್ಲದ ದಾರಿಯಲ್ಲಿ ಹೆಣ್ಣುಮಕ್ಕಳು ಹೊಟ್ಟೆ ತುಂಬ ನೀರು ಕುಡಿಯುವುದಿಲ್ಲ. ಅದು ಇನ್ನೊಂದು ಕಥೆ, ಹೆಮ್ಮೆಪಡುವಂಥದ್ದೂ ಅಲ್ಲ. ಆದರೆ ಬೆಳಗಿನ ಜಾವ ಹೊರಡುವ ಮುಂಚೆ ಅವರು ತಮ್ಮ ಗಡಿಗೆಯಿಂದ ಒಂದೊಂದು ಚೆಂಬು ಜೋಳದ ಅಂಬಲಿ ಕುಡಿದು, ದಾರಿಯಲ್ಲಿ ಕಟಕು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ತಿನ್ನುತ್ತಿದ್ದರು. ನಾನು ನೋಡಿದೆ, ಕೇಳಲಿಲ್ಲ.

ಮೂರನೆಯ ದಿನ

ಬೆಳಿಗ್ಗೆ ನಾಲ್ಕಕ್ಕೆ ಕವಿತಾಳ ದಾಟಿ ಸಿರವಾರದ ಕಡೆ ನಡೆದೆವು. ಹತ್ತರ ಹೊತ್ತಿಗೆ ಕಾಕಾ ತಲೆನೋವು ಎಂದರು. "ನೀರು ಕಮ್ಮಿ ಆಗಿರಬೇಕು" ಎಂದು ಹುಡುಗರು ಎರಡು ಪೌಚು ಕುಡಿಸಿದರು. ಹತ್ತೂವರೆಗೆ ವಾಂತಿ. ಹೋದ ನೀರನ್ನು ತುಂಬಿಸಬೇಕೆಂದು ಪಾನಕ. ಹನ್ನೊಂದೂವರೆಗೆ ಒಂದು ಬೇವಿನ ಮರದ ಕೆಳಗೆ ಕೂತವರು ಏಳಲಿಲ್ಲ. ನಾನು ಬಂದಾಗ ಇಬ್ಬರು ತಲೆಯ ಮೇಲೆ ನೀರು ಸುರಿಯುತ್ತಿದ್ದರು, ಒಬ್ಬ ಬಾಟಲಿ ಬಾಯಿಗಿಟ್ಟಿದ್ದ.

"ಕಾಕಾ, ನಾ ಯಾರ್ರೀ?"

ನನ್ನ ಮುಖ ನೋಡಿದರು. "ಎತ್ತು ಕಟ್ಟೀರೇನು?" ಎಂದರು.

ಬಿಸಿಲಿಗೆ ಬಿದ್ದವರನ್ನು ಕಂಡರೆ ನಮ್ಮೆಲ್ಲರ ಕೈ ತಾನಾಗಿ ನೀರಿನ ಕಡೆ ಹೋಗುತ್ತದೆ. ನಾನೂ ಗಾಡಿಯಿಂದ ಇನ್ನೊಂದು ಬಾಟಲಿ ಹಿಡಿದೇ ಇಳಿದಿದ್ದೆ. ತಡೆದದ್ದು ಅವರ ಬಲಗೈ ಉಂಗುರ. ಬೆಳ್ಳಿಯ ದಪ್ಪ ಉಂಗುರ ಅದು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಅದನ್ನು ಬೆರಳಲ್ಲಿ ಗಿರಗಿರ ತಿರುಗಿಸುತ್ತ ಮಾತಾಡಿದ್ದರು. ಈಗ ಅದರ ಎರಡೂ ಬದಿಗೆ ಬೆರಳಿನ ಮಾಂಸ ಉಬ್ಬಿ, ಉಂಗುರ ದಾರ ಬಿಗಿದ ಹಾಗೆ ಒಳಕ್ಕೆ ಹೂತಿತ್ತು. ಗಡಿಯಾರದ ಪಟ್ಟಿಯೂ ಹಾಗೇ. ಕಣ್ಣ ಕೆಳಗೆ ಊದಿತ್ತು. ನೀರು ಕಡಿಮೆಯಾದವನ ಬೆರಳು ಊದಲು ಸಾಧ್ಯವೇ?

ಮೈ ಮುಟ್ಟಿದೆ: ಒದ್ದೆ, ಉಗುರುಬೆಚ್ಚಗೆ. ಕಂಕುಳಲ್ಲಿ ಥರ್ಮಾಮೀಟರ್ 99 ತೋರಿಸಿತು. ಲೂ (ಬಿಸಿಲಾಘಾತ) ಬಡಿದವರ ನಿಜವಾದ ತಾಪ ಕಂಕುಳಲ್ಲಿ ಸಿಗುವುದಿಲ್ಲ, ಅದು ಗೊತ್ತಿತ್ತು. ಅದೊಂದನ್ನೇ ನಂಬಿ ಕೂರುವಂತಿರಲಿಲ್ಲ. ಮೂತ್ರಕ್ಕೆ ಹೋದದ್ದು ಯಾವಾಗ ಎಂದು ಕೇಳಿದೆ. ಬೆಳಿಗ್ಗೆ ಮೂರ್ನಾಲ್ಕು ಸಲ, ನೀರಿನ ಹಾಗೆ, ಎಂಟರಿಂದೀಚೆಗೆ ಇಲ್ಲ. ಹುಡುಗರು ಇದನ್ನೇ ಹಿಡಿದರು: "ನೋಡ್ರಿ ಸರ್ರ, ಉಚ್ಚಿ ಬಂದಿಲ್ಲ ಅಂದ್ರ ನೀರು ಕಡಿಮಿ ಆಗೇತಿ." ಮಾತು ಸರಿಯಾಗಿಯೇ ಕೇಳುತ್ತಿತ್ತು. ಆದರೆ ಉಂಗುರ ಬೇರೆ ಹೇಳುತ್ತಿತ್ತು.

ಜೊತೆಗೆ ನಡೆದವನನ್ನು ಕೂರಿಸಿ ಲೆಕ್ಕ ಹಾಕಿಸಿದೆ. ಯಾವ ಅರವಟ್ಟಿಗೆ, ಎಷ್ಟು ಲೋಟ, ಎಷ್ಟು ಪೌಚು. ನಾಲ್ಕರಿಂದ ಹನ್ನೊಂದೂವರೆಯೊಳಗೆ ಹತ್ತಿರಹತ್ತಿರ ಒಂಬತ್ತು ಲೀಟರ್. ತಿಂದದ್ದು ಎರಡು ಹೋಳು ಕಲ್ಲಂಗಡಿ. ಉಪ್ಪು ಹಿಂದಿನ ರಾತ್ರಿ ಅನ್ನ ಸಾರಿನಲ್ಲಿ ಹೋದದ್ದಷ್ಟೇ.

ಬಾಟಲಿ ಕಸಿದುಕೊಂಡೆ. "ಇನ್ನ ಒಂದು ಹನಿ ಕುಡಿಸಬ್ಯಾಡ್ರಿ" ಎಂದಾಗ ಸುತ್ತ ನಿಂತವರು ನನ್ನ ಮುಖವನ್ನೇ ನೋಡಿದರು. ಬಿಸಿಲಲ್ಲಿ ಬಿದ್ದವನಿಗೆ ನೀರು ಬೇಡ ಎನ್ನುವ ಕಂಪೌಂಡರ್‌! ಕಾಕಾನ ತಮ್ಮ ನನ್ನ ಕೈ ಹಿಡಿದು ಜಗ್ಗಿದ. ಗಾಡಿಗೆ ಹಾಕಿಕೊಳ್ಳುವುದಕ್ಕೆ ಐದು ನಿಮಿಷ ವಾದವಾಯಿತು. ನನ್ನ ಲೆಕ್ಕ ತಪ್ಪಾಗಿದ್ದು, ಅದು ಲೂ ಆಗಿದ್ದಿದ್ದರೆ ಎಂಬ ಹೆದರಿಕೆ ನನಗೂ ಇತ್ತು. ಹಾಗಾಗಿ ದಾರಿಯುದ್ದಕ್ಕೂ ಒದ್ದೆ ಟವೆಲ್ಲಿನಿಂದ ಮೈ ಒರೆಸುವುದನ್ನು ನಿಲ್ಲಿಸಲಿಲ್ಲ, ಕುಡಿಸುವುದನ್ನು ಮಾತ್ರ ನಿಲ್ಲಿಸಿದೆ.

ಮೊದಲು ಮುಟ್ಟಿದ ಆಸ್ಪತ್ರೆಯಲ್ಲಿ ಸೋಡಿಯಂ ನೋಡುವ ಅನುಕೂಲ ಇರಲಿಲ್ಲ, ರಾಯಚೂರಿಗೆ ಒಯ್ದೆವು. ಅಲ್ಲಿ ರಕ್ತ ತೆಗೆದು ನೋಡಿದಾಗ ಸೋಡಿಯಂ 121. ಇರಬೇಕಾದದ್ದು 135ರಿಂದ 145. ಕರ್ತವ್ಯದಲ್ಲಿದ್ದ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ: "ಇಷ್ಟು ನೀರು ಕುಡೀರಿ ಅಂದೋರು ಯಾರು?" ನಾನೇ ಎಂದೆ. ಅವರು ಮತ್ತೇನೂ ಹೇಳಲಿಲ್ಲ. ಮೂರು ಪರ್ಸೆಂಟಿನ ಉಪ್ಪಿನ ಸಲೈನ್ 100 ಎಂಎಲ್ ಏರಿಸಿ, ಸ್ವಲ್ಪ ಹೊತ್ತು ನೋಡಿ, ಇನ್ನೊಂದು ಏರಿಸಿದರು. ಉಂಗುರವನ್ನು ಕತ್ತರಿಸಿ ತೆಗೆದರು. ಸಂಜೆ ಆರಕ್ಕೆ ಕಾಕಾ ಕಣ್ಣು ಬಿಟ್ಟು "ಮಂದಿ ಎಲ್ಲಿ ಮುಟ್ಯಾರ?" ಎಂದು ಕೇಳಿದರು. ಅದು ಸರಿಯಾದ ಪ್ರಶ್ನೆ. ನನಗೆ ಉಸಿರು ಬಂತು.

ಡಾಕ್ಟರಮ್ಮ ಕಾಕಾನ ಚೀಲ ತಡಕಿ ಒಂದು ಗುಳಿಗೆ ಚೀಟಿ ತೆಗೆದು ನನ್ನ ಕೈಗಿಟ್ಟರು. ಬಿಪಿ ಗುಳಿಗೆ, ಅದರಲ್ಲಿ ಥಯಾಜೈಡ್ ಬೆರೆತದ್ದು. ಮೂತ್ರದ ಮೂಲಕ ಉಪ್ಪು ಹೊರಹಾಕಿಸಿ ಬಿಪಿ ಇಳಿಸುವ ಮದ್ದು. ಮೂರು ತಿಂಗಳಿಂದ ನುಂಗುತ್ತಿದ್ದರು, ತಂಡದಲ್ಲಿ ಯಾರಿಗೂ ಹೇಳಿರಲಿಲ್ಲ. ಮೂವತ್ತು ವರ್ಷ ಅದೇ ಗುಳಿಗೆ ಎಣಿಸಿ ಎಣಿಸಿ ಕೊಟ್ಟವನು ನಾನು. ಹೊರಡುವ ದಿನ "ಯಾರ್‍ಯಾರು ಏನೇನು ಗುಳಿಗೆ ತಗೋತೀರಿ" ಎಂದು ಕೇಳುವುದು ಹೊಳೆದಿರಲಿಲ್ಲ.

ಹೀಗಾಗಿ ಕಾಕಾ ಬಿದ್ದದ್ದು ನೀರೊಂದರಿಂದಲೇ ಎಂದು ನಾನು ಬರೆಯಲಾರೆ. ಒಪ್ಪತ್ತಿನಿಂದ ಉಪ್ಪು ಒಳಗೆ ಬರಲಿಲ್ಲ. ಬೆವರು ಮತ್ತು ಗುಳಿಗೆ ಎರಡೂ ಹೊರಗೆ ಹಾಕಿದವು. ಉಳಿದಿದ್ದನ್ನು ನನ್ನ ಮೈಕಿನ ಮಾತು ಮತ್ತು ಅರವಟ್ಟಿಗೆಯ ಪ್ರೀತಿ ಸೇರಿ ತೆಳ್ಳಗೆ ಮಾಡಿದವು. ಆರಾಮಾಗಿ ಕೂತವನ ಮೂತ್ರಪಿಂಡ ತಾಸಿಗೆ ಮುಕ್ಕಾಲು, ಒಂದು ಲೀಟರ್ ನೀರನ್ನು ಹೊರಹಾಕಬಲ್ಲದು. ಆದರೆ ದಣಿವು, ನೋವು, ವಾಕರಿಕೆ ಇದ್ದಾಗ ಮೆದುಳು ನೀರು ಹಿಡಿದಿಟ್ಟುಕೊಳ್ಳುವ ಹಾರ್ಮೋನು ಬಿಡುತ್ತದೆ, ಮೂತ್ರ ನಿಲ್ಲುತ್ತದೆ. ಎಂಟು ಗಂಟೆಯಿಂದ ಮೂತ್ರ ಬಾರದಿದ್ದರ ಅರ್ಥ ಅದು. ಹೆಚ್ಚಾದ ನೀರು ಮೆದುಳಿನ ಜೀವಕೋಶಗಳಿಗೂ ಇಳಿದು ಅವು ಊದುತ್ತವೆ. ಎತ್ತು ಕಟ್ಟಿದ್ದೀರಾ ಎಂಬ ಪ್ರಶ್ನೆ ಬಂದದ್ದು ಅಲ್ಲಿಂದ.

ಒಂದು ವರ್ಷದ ಓದು, ಮತ್ತು ಗಡಿಗೆ

ಇದು ನಮ್ಮೊಬ್ಬರ ಕಥೆಯಲ್ಲ ಎಂದು ತಿಳಿಯಲು ಬಹಳ ಹುಡುಕಬೇಕಾಗಲಿಲ್ಲ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ನೋಡಿದಾಗ ಶೇ 13ರಷ್ಟು ಮಂದಿಗೆ ಸೋಡಿಯಂ ಇಳಿದಿತ್ತು. ಓಟ ಮುಗಿಸುವಾಗ ಹೊರಟಾಗಿಗಿಂತ ತೂಕ ಹೆಚ್ಚಾಗಿದ್ದವರಲ್ಲೇ ಅದು ಮುಖ್ಯವಾಗಿ ಕಂಡದ್ದು. ಅದಕ್ಕೂ ಎಂಟು ದಶಕ ಹಿಂದೆ, 1923ರಲ್ಲಿ, ಇಂಗ್ಲೆಂಡಿನ ಕಲ್ಲಿದ್ದಲು ಗಣಿಯವರ ಸೆಡೆತಕ್ಕೆ ಬರೀ ನೀರು ಕುಡಿಯುವುದೇ ಕಾರಣ, ನೀರಿಗೆ ಉಪ್ಪು ಬೆರೆಸಿ ಎಂದು ಬರೆದಿಟ್ಟಿದ್ದಾರೆ. ನಮ್ಮ ತಂಡದಲ್ಲಿ ಹಟ್ಟಿ ಗಣಿಯಲ್ಲಿ ದುಡಿದು ನಿವೃತ್ತರಾದ ಒಬ್ಬರಿದ್ದಾರೆ. ಅವರಿಗೆ ಇದನ್ನು ಓದಿ ಹೇಳಿದರೆ ನಕ್ಕು, ಅಂಗಿ ಜೇಬಿನಿಂದ ಕಾಗದದಲ್ಲಿ ಸುತ್ತಿದ ಹರಳುಪ್ಪು ತೆಗೆದು ತೋರಿಸಿದರು. ಮೊದಲೇ ಯಾಕೆ ಹೇಳಲಿಲ್ಲ ಎಂದೆ. "ನೀವು ಮೈಕ್ ಹಿಡಿದಿದ್ರಿ" ಎಂದರು.

2025ರ ಯುಗಾದಿ ಮಾರ್ಚ್ 30ಕ್ಕೆ. ಹೊರಡುವ ಮುಂಚೆ ಅಜ್ಜಿಯ ಅಡುಗೆಮನೆಯಲ್ಲಿ ಕೂತು ಅಂಬಲಿ ಕಲಿತೆ. ರಾತ್ರಿ ಜೋಳದ ಹಿಟ್ಟನ್ನು ನೀರಲ್ಲಿ ಕಲಸಿ ಹುಳಿ ಬರಲು ಬಿಡುವುದು. ನಸುಕಿನಲ್ಲಿ ಎಸರಿಗೆ ಸುರಿದು, ಗಂಟಾಗದಂತೆ ತಿರುವುತ್ತ ಕುದಿಸುವುದು. ಆರಿದ ಮೇಲೆ ಕಡೆದ ಮಜ್ಜಿಗೆ, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಉಪ್ಪು. ಹಸಿ ಉಳ್ಳಾಗಡ್ಡಿ ಬೇಕಾದವರಿಗೆ. ಬೆವರಿನಲ್ಲಿ ಹೋಗುವುದಕ್ಕೆ ಇದನ್ನು ಹೊಂದಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ಜೋಳದ ಪಿಷ್ಟ ಹೊಟ್ಟೆಯಲ್ಲಿ ಮೆಲ್ಲಗೆ ಗ್ಲೂಕೋಸ್ ಆಗುತ್ತದೆ. ಸೋಡಿಯಂ ಕರುಳಿನ ಗೋಡೆ ದಾಟಲು ಗ್ಲೂಕೋಸಿನ ಜೊತೆ ಬೇಕು, ಓಆರ್‌ಎಸ್‌ನ ಗುಟ್ಟೂ ಅದೇ. ಅಕ್ಕಿ ಹಿಟ್ಟಿನಿಂದ ಮಾಡಿದ ಓಆರ್‌ಎಸ್ಸನ್ನು ಬಾಂಗ್ಲಾದೇಶದಲ್ಲಿ ಕಾಲರಾ ರೋಗಿಗಳಿಗೆ ಕೊಟ್ಟು ಗೆದ್ದಿದ್ದಾರೆ. ಮಜ್ಜಿಗೆಯಿಂದ ಒಂದಿಷ್ಟು ಪೊಟ್ಯಾಸಿಯಂ. ಉಳಿದದ್ದು ಉಪ್ಪಿನ ಅಳತೆ.

ಆ ಅಳತೆಯ ಮೇಲೇ ಜಗಳ. ನಾನು ಲೀಟರಿಗೆ 3 ಗ್ರಾಂ ಎಂದು ಗುರುತಿಸಿಕೊಂಡಿದ್ದೆ, ಅಂದರೆ ಅರ್ಧ ಚಮಚ ಸಪಾಟು; ಅದರಲ್ಲಿ ಸೋಡಿಯಂ 1.2 ಗ್ರಾಂ, ಬೆವರಿಗೆ ಹತ್ತಿರ. ಪೇಟೆಯಲ್ಲಿ ಸಿಗುವ ಆಟಗಾರರ ಪಾನೀಯಗಳಲ್ಲಿ ಸಾಮಾನ್ಯವಾಗಿ ಇದರ ಅರ್ಧವೂ ಇರುವುದಿಲ್ಲ. ಅಜ್ಜಿಗೆ ಚಮಚ ಎಂದರೆ ಅವಮಾನ. "ನನ್ನ ಕೈಯಳತಿ ಐತಿ ತಮ್ಮಾ, ನಿನ್ನ ಚಮಚೆ ನೀ ಇಟ್ಕೋ." ಹತ್ತು ಲೀಟರ್ ಗಡಿಗೆಗೆ ಅವರು ಹಾಕಿದ ಹಿಡಿಯನ್ನು ಮೂರು ಸಲ ತಟ್ಟೆಗೆ ಹಾಕಿಸಿ ಔಷಧಿ ತಕ್ಕಡಿಯಲ್ಲಿ ತೂಗಿದೆ: 28, 33, 30 ಗ್ರಾಂ. ಚಮಚ ಜೇಬಿಗಿಟ್ಟೆ. ಆದರೆ ಅಜ್ಜಿ ಇಲ್ಲದ ದಿನ ಸೊಸೆ ಹಾಕಿದ ಹಿಡಿ 52 ಗ್ರಾಂ ಬಂತು, ಬಾಯಿಗಿಡಲಾಗಲಿಲ್ಲ. ಕೈಯಳತೆ ಆ ಕೈಯದು ಮಾತ್ರ. ಈಗ ಗಡಿಗೆಯ ಜೊತೆ ಗೀಟು ಹಾಕಿದ ಒಂದು ಪುಟ್ಟ ಬಟ್ಟಲು ಹೋಗುತ್ತದೆ, ಕೊನೆಗೆ ರುಚಿ ನೋಡುವುದು ಕಡ್ಡಾಯ: ಕಣ್ಣೀರಿಗಿಂತ ಉಪ್ಪಾಗಿದ್ದರೆ ನೀರು ಸೇರಿಸಬೇಕು.

ಎಲ್ಲವೂ ಸಲೀಸಾಗಲಿಲ್ಲ. ಎರಡನೆಯ ದಿನ ಹುಡುಗರು ಉಳಿದ ಅಂಬಲಿಯನ್ನು ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ ಗಾಡಿಯಲ್ಲಿಟ್ಟು ಮಧ್ಯಾಹ್ನ ಎರಡಕ್ಕೆ ಹಂಚಿದರು. ಮುಚ್ಚಳ ತೆಗೆದಾಗ ಬುಸ್ಸೆಂದಿತ್ತು, "ಹುಳಿ ಬಂದೈತಿ, ಚಲೋ ಆತು" ಎಂದುಕೊಂಡರಂತೆ. ಸಂಜೆಗೆ ನಾಲ್ವರಿಗೆ ಹೊಟ್ಟೆ ಜಾಡಿಸಿತು. ಬಿಸಿಲಲ್ಲಿ ಉಪ್ಪು ನೀರು ಉಳಿಸಲು ಹೊರಟು ಭೇದಿ ಹಿಡಿಸಿದೆವು. ಅಲ್ಲಿಂದ ಅಂಬಲಿ ಬೆಳಿಗ್ಗೆ ಎಂಟರ ತನಕ ಮಾತ್ರ, ಮಣ್ಣಿನ ಗಡಿಗೆಯಲ್ಲಿ ಮಾತ್ರ, ಉಳಿದರೆ ದನಕ್ಕೆ.

ಹಗಲಿಗೆ ಹುಣಸೆ ಪಾನಕ ಹಿಡಿದೆವು. ಹುಣಸೆಯ ಹುಳಿಗೆ ಕೆಡುವುದು ನಿಧಾನ, ಪೊಟ್ಯಾಸಿಯಂ ಧಾರಾಳ, ಮತ್ತು ಹುಳಿ ಇದ್ದರೆ ಉಪ್ಪು ನಾಲಿಗೆಗೆ ಅಷ್ಟಾಗಿ ಹೊಡೆಯುವುದಿಲ್ಲ. ಲೀಟರಿಗೆ ನಿಂಬೆ ಗಾತ್ರದ ಹುಣಸೆ, ಎರಡು ಚಮಚ ಬೆಲ್ಲ, ಅರ್ಧ ಚಮಚ ಉಪ್ಪು, ಚಿಟಿಕೆ ಮೆಣಸು. "ಪಾನಕಕ್ಕ ಉಪ್ಪಾ?" ಎಂದು ಮೂಗು ಮುರಿದವರು ಹತ್ತು ಕಿಲೋಮೀಟರ್ ನಡೆದ ಮೇಲೆ ಎರಡನೇ ಲೋಟ ಕೇಳಿದರು. ಮೈಗೆ ಉಪ್ಪು ಬೇಕಾದಾಗ ನಾಲಿಗೆಗೂ ಅದು ರುಚಿಸುತ್ತದೆ. ರಾಯಚೂರು ಮುಟ್ಟಿದಾಗ ಹುಡುಗರು ಉಪ್ಪು ನಿಂಬು ಹಾಕಿದ ಗೋಲಿ ಸೋಡಾಕ್ಕೆ ಮುಗಿಬಿದ್ದರು. ಅದೂ ನಡೆಯುತ್ತದೆ, ಗ್ಯಾಸು ಹೊಟ್ಟೆ ತುಂಬಿಸಿ ಒಂದಕ್ಕಿಂತ ಹೆಚ್ಚು ಕುಡಿಯಗೊಡುವುದಿಲ್ಲ, ಅಷ್ಟೇ.

ನಿಜವಾದ ಬದಲಾವಣೆ ಗಡಿಗೆಯಿಂದಲ್ಲ, ಕಾಟಾದಿಂದ ಬಂತು ಎಂಬುದು ನನ್ನ ಅನಿಸಿಕೆ. ಅಂಗಡಿಯೊಂದರಿಂದ ಕಾಲಿಟ್ಟು ನಿಲ್ಲುವ ತೂಕದ ಯಂತ್ರ ಎರವಲು ತಂದು ಗಾಡಿಯಲ್ಲಿಟ್ಟೆ. ನಸುಕಿನಲ್ಲಿ ಹೊರಡುವಾಗೊಮ್ಮೆ, ಎಂಟಕ್ಕೆ ನಿಂತಾಗೊಮ್ಮೆ ತೂಕ. ಒಂದು ಕಿಲೋ ಇಳಿದಿದ್ದರೆ ಸರಿಸುಮಾರು ಒಂದು ಲೀಟರ್ ಕಡಿಮೆಯಾಗಿದೆ, ಕುಡಿಯಲಿ. ತೂಕ ಏರಿದ್ದರೆ ಲೋಟ ಕೆಳಗಿಡಲಿ. ಒಂದೇ ದಾರಿ, ಒಂದೇ ಬಿಸಿಲು, ಒಬ್ಬನಿಗೆ 400 ಗ್ರಾಂ ಇಳಿದರೆ ಪಕ್ಕದವನಿಗೆ ಎರಡು ಕಿಲೋ. ಎಲ್ಲರಿಗೂ ತಾಸಿಗೊಂದು ಲೀಟರ್ ಎಂದ ನನ್ನ ಮಾತು ಎಷ್ಟು ಪೊಳ್ಳು ಎಂದು ಆ ಮುಳ್ಳು ದಿನವೂ ತೋರಿಸಿತು. ಈಗ ಮೈಕಿನಲ್ಲಿ ಹೇಳುವುದು ಇಷ್ಟೇ: ದಾಹ ಆದಾಗ ಕುಡೀರಿ, ಉಂಗುರ ಬಿಗಿಯಾದ್ರ ನನ್ನ ಹತ್ರ ಬರ್ರಿ.

ಗುಳಿಗೆ ಪಟ್ಟಿಯನ್ನೂ ಹೊರಡುವ ಮುಂಚೆ ಬರೆದುಕೊಂಡೆ. ಅರವತ್ತು ಜನರಲ್ಲಿ ಬಿಪಿಯವರು ಹದಿಮೂರು. ಉಪ್ಪಿನ ಅಂಬಲಿ ಅವರಿಗೆ ಎಷ್ಟು ಎಂಬುದನ್ನು ನಾನು ನಿರ್ಧರಿಸುವುದಿಲ್ಲ. ಅವರವರ ಡಾಕ್ಟರರನ್ನು ಕೇಳಿಬರಲು ಹೇಳಿದೆ. ಕಿಡ್ನಿ ತೊಂದರೆ ಇದ್ದ ಒಬ್ಬರಿಗೆ ಎಳನೀರು, ಹುಣಸೆ ಎರಡೂ ಬೇಡ ಎಂದರಂತೆ, ಪೊಟ್ಯಾಸಿಯಂ ಏರಿದರೆ ಅವರ ಹೃದಯಕ್ಕೆ ಅಪಾಯ. ಅವರು ಮೊದಲ ಮೂರು ಹಳ್ಳಿ ನಡೆದು ಗಾಡಿ ಹತ್ತಿದರು. ಆ ವರ್ಷ ಮೀನಖಂಡ ಹಿಡಿದವರು ಇಬ್ಬರು. ಹಬ್ಬ ಹತ್ತು ದಿನ ಮುಂಚೆ ಬಂದಿತ್ತು, ಬಿಸಿಲೂ ಅಷ್ಟಿರಲಿಲ್ಲ. ಎಲ್ಲ ಯಶಸ್ಸನ್ನು ಅಂಬಲಿಯ ಖಾತೆಗೆ ಬರೆಯುವುದು ನ್ಯಾಯವಲ್ಲ.

ಅರವಟ್ಟಿಗೆಯ ಪ್ರಶ್ನೆ ಉಳಿದಿತ್ತು. ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ದಾರಿ ತೋರಿಸಿದ್ದು ಕಾಕಾ. ಹೌದು, ಅವರು ಮತ್ತೆ ಬಂದರು, ಗುಳಿಗೆ ಬದಲಿಸಿಕೊಂಡು, ಒಪ್ಪತ್ತಿನ ಹರಕೆ ಮನೆಯ ಸ್ವಾಮಿಗಳ ಅಪ್ಪಣೆ ಪಡೆದು ಬಿಟ್ಟು. ಕಲ್ಲೂರಿನ ಈಚೆ ಒಂದು ಶಾಮಿಯಾನದಲ್ಲಿ ಹುಡುಗನೊಬ್ಬ ಅವರ ಕೈಗೆ ತುಂಬಿದ ಲೋಟ ಇಟ್ಟ. ಕಾಕಾ ಅದನ್ನು ಕಣ್ಣಿಗೊತ್ತಿಕೊಂಡರು, ಒಂದು ಗುಟುಕು ಕುಡಿದರು, ಉಳಿದದ್ದನ್ನು ಪಕ್ಕದ ಬೇವಿನ ಸಸಿಯ ಬುಡಕ್ಕೆ ಹನಿಹನಿಯಾಗಿ ಸುರಿದರು. ಹುಡುಗನ ಮುಖ ಸಣ್ಣದಾಯಿತು. ಕಾಕಾ ಅವನ ಹೆಗಲ ಮೇಲೆ ಕೈಯಿಟ್ಟು, "ಉಪ್ಪು ಐತೇನಪ್ಪಾ?" ಎಂದು ಕೇಳಿದರು. ಅವನು ಓಡಿಹೋಗಿ ಮಜ್ಜಿಗೆಗೆಂದು ತಂದಿಟ್ಟಿದ್ದ ಉಪ್ಪಿನ ಪಾಕೀಟನ್ನೇ ತಂದ. ಬೆರಳಿನ ಮೇಲೆ ಉಂಗುರದ ಜಾಗದಲ್ಲಿ ಇನ್ನೂ ಬೆಳ್ಳನೆಯ ಒಂದು ಗೆರೆ ಇತ್ತು.